ನೈಜೀರಿಯಾಕ್ಕೆ ಜಾರಿದ ಬೆಳ್ಳಂದೂರು ಕೆರೆ

ಬೆಂಗಳೂರಿನ ಕೆರೆಗಳ ನಕ್ಷೆಯನ್ನು ಜಿಐಎಸ್ ತಂತ್ರಾಂಶದಲ್ಲಿ ತೆರೆಯುತ್ತೀರಿ. ಅದರಡಿ ರಸ್ತೆಗಳ ಲೇಯರ್, ಮೇಲೆ ವಾರ್ಡು ಗಡಿಗಳ ಲೇಯರ್. ಮೂರೂ ಒಂದರ ಮೇಲೊಂದು ಕೂರಬೇಕು. ರಸ್ತೆಗಳೂ ವಾರ್ಡುಗಳೂ ಕೂತಿವೆ, ಕೆರೆಗಳು ಮಾತ್ರ ನಾಪತ್ತೆ. ಪರದೆಯನ್ನು ಕುಗ್ಗಿಸುತ್ತ ಹೋಗಿ. ಅರಬ್ಬೀ ಸಮುದ್ರ ಬಂತು, ಸೊಮಾಲಿಯಾ ಬಂತು, ಆಫ್ರಿಕಾದ ಅಗಲದಲ್ಲಿ ಮೂರನೇ ಎರಡು ಭಾಗ ಮುಗಿಯಿತು. ಉತ್ತರ ನೈಜೀರಿಯಾದ ಒಣನೆಲದ ಮೇಲೆ ಬೆಳ್ಳಂದೂರು, ವರ್ತೂರು, ಅಗರ ಕೆರೆಗಳು ಕಾಣುತ್ತವೆ. ಆಕಾರ ಸರಿಯಿದೆ, ಒಂದಕ್ಕೊಂದರ ನಡುವಿನ ದೂರವೂ ಹೆಚ್ಚುಕಡಿಮೆ ಸರಿಯಿದೆ. ನೊರೆಯೊಂದಿಲ್ಲ, ಅಷ್ಟೆ.

ಆ ಫೈಲಿನಲ್ಲಿ ಬೆಳ್ಳಂದೂರು ಕೆರೆಯ ಜಾಗ ಎರಡು ಸಂಖ್ಯೆಗಳಾಗಿ ಕೂತಿದೆ: ಪೂರ್ವಕ್ಕೆ ಸುಮಾರು 7,90,000 ಮೀಟರ್, ಉತ್ತರಕ್ಕೆ ಸುಮಾರು 14,31,000 ಮೀಟರ್. ಎಲ್ಲಿಂದ ಎಣಿಸಿದ್ದು ಎಂಬುದು ಸಂಖ್ಯೆಯಲ್ಲಿ ಇಲ್ಲ. ನಕ್ಷೆ ಬರೆದವರು ಯುಟಿಎಂ ಎಂಬ ಪದ್ಧತಿಯ 43ನೇ ವಲಯದಲ್ಲಿ ಎಣಿಸಿದ್ದರು. ಅಲ್ಲಿ 75 ಡಿಗ್ರಿ ಪೂರ್ವ ರೇಖಾಂಶಕ್ಕೆ 5,00,000 ಎಂಬ ಸಂಖ್ಯೆ ಕೊಟ್ಟು, ಅಲ್ಲಿಂದ ಪೂರ್ವಕ್ಕೆ ಕೂಡುತ್ತ, ಪಶ್ಚಿಮಕ್ಕೆ ಕಳೆಯುತ್ತ ಹೋಗುತ್ತಾರೆ. ಆ ರೇಖೆ ಧಾರವಾಡದ ಮಗ್ಗುಲಲ್ಲೇ ಹಾಯುತ್ತದೆ. ಹಾಗಾಗಿ ಧಾರವಾಡದ ಸಂಖ್ಯೆ ಐದು ಲಕ್ಷದ ಆಸುಪಾಸು, ಬೆಂಗಳೂರಿನದು ಏಳು ಲಕ್ಷ ಎಂಬತ್ತು ಸಾವಿರದ ಆಸುಪಾಸು. ಆದರೆ ನಿಮ್ಮ ತಂತ್ರಾಂಶಕ್ಕೆ ಯಾರೋ ಈ ಫೈಲು ವೆಬ್ ಮರ್ಕೇಟರ್‌ನಲ್ಲಿದೆ ಎಂದು ಹೇಳಿದ್ದಾರೆ. ಗೂಗಲ್ ಮ್ಯಾಪಿನಂಥ ಅಂತರ್ಜಾಲ ನಕ್ಷೆಗಳ ಪದ್ಧತಿ ಅದು, ಅದರ ಎಣಿಕೆ ಗ್ರೀನಿಚ್‌ನಿಂದ ಶುರು. ಗ್ರೀನಿಚ್‌ನಿಂದ ಏಳು ಲಕ್ಷ ತೊಂಬತ್ತು ಸಾವಿರ ಮೀಟರ್ ಪೂರ್ವಕ್ಕೆ ಬಂದರೆ 7 ಡಿಗ್ರಿ ದಾಟುತ್ತದೆ. ನೈಜೀರಿಯಾ.

ಲೇಯರ್ ಎಲ್ಲಿ ಹೋಗಿ ಬಿತ್ತು ಎಂದು ನೋಡಿದರೆ ಕಾಯಿಲೆ ಯಾವುದೆಂದು ಬಹುಪಾಲು ಗೊತ್ತಾಗುತ್ತದೆ. ಇದನ್ನು ಯಾವ ತರಬೇತಿಯಲ್ಲೂ ಮೊದಲ ದಿನ ಹೇಳಿಕೊಡುವುದಿಲ್ಲ, ಹೇಳಿಕೊಡಬೇಕು ಎಂಬುದು ನನ್ನ ಮತ. ಅಕ್ಷಾಂಶ, ರೇಖಾಂಶದ ಕಾಲಂಗಳು ಎಕ್ಸೆಲ್ ಹಾಳೆಯಲ್ಲಿ ಅದಲುಬದಲಾದರೆ ಬೆಂಗಳೂರು ಉತ್ತರ ಧ್ರುವದ ಕಡೆ ಓಡಿ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಶ್ಚಿಮದ ಕಡಲಿನಲ್ಲಿ ಬೀಳುತ್ತದೆ. 43ನೇ ವಲಯದ ಫೈಲಿಗೆ 44 ಎಂದು ಬರೆದರೆ ಆರು ಡಿಗ್ರಿ, ಅಂದರೆ ಸುಮಾರು 650 ಕಿಲೋಮೀಟರ್ ಪೂರ್ವಕ್ಕೆ ಸರಿದು ಬಂಗಾಳ ಕೊಲ್ಲಿಯಲ್ಲಿ. ಡಿಗ್ರಿಯಲ್ಲಿರುವ ಸಂಖ್ಯೆಯನ್ನು ಮೀಟರ್ ಎಂದು ಓದಿಸಿದರೆ ಇಡೀ ಕರ್ನಾಟಕ ಐದು ಮೀಟರ್ ಅಗಲ, ಏಳು ಮೀಟರ್ ಉದ್ದದ ಚುಕ್ಕೆಯಾಗಿ ಆಫ್ರಿಕಾದ ಪಶ್ಚಿಮ ತೀರದಾಚೆ, ಭೂಮಧ್ಯರೇಖೆಯೂ ಗ್ರೀನಿಚ್ ರೇಖೆಯೂ ಕೂಡುವಲ್ಲಿ ಅಡಗಿಕೊಳ್ಳುತ್ತದೆ. ನಕ್ಷೆ ಮಾಡುವವರು ಆ ಜಾಗಕ್ಕೆ ನಲ್ ಐಲ್ಯಾಂಡ್ ಎಂದು ಹೆಸರಿಟ್ಟಿದ್ದಾರೆ. ದ್ವೀಪವೇನೂ ಇಲ್ಲ, ಹವಾಮಾನ ಅಳೆಯುವ ಒಂದು ತೇಲುಬುರುಡೆ ಇದೆ. ಜಗತ್ತಿನ ದಾರಿ ತಪ್ಪಿದ ನಕ್ಷೆಗಳೆಲ್ಲ ಅದರ ಸುತ್ತಲೇ ಬಿದ್ದಿರುತ್ತವೆ.

ಚೀಟಿ ಬೇರೆ, ಸರಕು ಬೇರೆ

ದಾರಿ ತಪ್ಪಿದ ಲೇಯರನ್ನು ಸರಿಪಡಿಸಲು ತಂತ್ರಾಂಶದಲ್ಲಿ ಎರಡು ಆಜ್ಞೆಗಳಿವೆ. ನೋಡಲು ಅವಳಿಜವಳಿ, ಮಾಡುವ ಕೆಲಸ ಪೂರ್ತಿ ಬೇರೆ. ಕ್ಯೂಜಿಐಎಸ್‌ನಲ್ಲಿ ಒಂದರ ಹೆಸರು ಸೆಟ್ ಲೇಯರ್ ಸಿಆರ್‌ಎಸ್, ಇನ್ನೊಂದು ರಿಪ್ರೊಜೆಕ್ಟ್ ಲೇಯರ್. ಆರ್ಕ್‌ಜಿಐಎಸ್‌ನಲ್ಲಿ ಡಿಫೈನ್ ಪ್ರೊಜೆಕ್ಷನ್ ಮತ್ತು ಪ್ರಾಜೆಕ್ಟ್. ಮೊದಲನೆಯದು ಈ ಸಂಖ್ಯೆಗಳು ಇಂಥ ಪದ್ಧತಿಯವು ಎಂದು ಘೋಷಿಸುತ್ತದೆ, ಒಂದು ಸಂಖ್ಯೆಯನ್ನೂ ಮುಟ್ಟುವುದಿಲ್ಲ. ಎರಡನೆಯದು ಸಂಖ್ಯೆಗಳನ್ನೇ ಲೆಕ್ಕ ಹಾಕಿ ಬದಲಿಸಿ ಹೊಸ ಫೈಲು ಕೊಡುತ್ತದೆ. ಉಪ್ಪಿನ ಡಬ್ಬಿಗೆ ಸಕ್ಕರೆ ಎಂದು ಚೀಟಿ ಅಂಟಿಸಿದರೆ ಒಳಗಿರುವುದು ಸಿಹಿಯಾಗುವುದಿಲ್ಲ. ನಮ್ಮ ಕೆರೆಗಳ ಫೈಲಿನಲ್ಲಿ ತಪ್ಪಾಗಿದ್ದು ಚೀಟಿ. ಅದನ್ನು 43ನೇ ವಲಯ ಎಂದು ತಿದ್ದಿದ ಕ್ಷಣ ಕೆರೆಗಳು ನೈಜೀರಿಯಾದಿಂದ ಮನೆಗೆ ಬರುತ್ತವೆ. ಬದಲಿಗೆ ತಪ್ಪು ಚೀಟಿ ಇರುವಾಗಲೇ ಪರಿವರ್ತನೆ ಮಾಡಿದಿರೋ, ತಂತ್ರಾಂಶ ಅತ್ಯಂತ ನಿಷ್ಠೆಯಿಂದ ನೈಜೀರಿಯಾದ ಜಾಗವನ್ನೇ ಹೊಸ ಪದ್ಧತಿಗೆ ಲೆಕ್ಕ ಹಾಕಿ ಕೊಡುತ್ತದೆ. ಆಮೇಲೆ ಯಾವ ಚೀಟಿ ಹಚ್ಚಿದರೂ ಪ್ರಯೋಜನವಿಲ್ಲ.

ಚೀಟಿ ಕಳೆದುಹೋಗುವುದಕ್ಕೆ ಕಾರಣ ಹೆಚ್ಚಾಗಿ ಶೇಪ್‌ಫೈಲ್ ಎಂಬ ಹಳೆಯ ವ್ಯವಸ್ಥೆ. ಹೆಸರಿಗೆ ಒಂದು ಫೈಲು, ವಾಸ್ತವದಲ್ಲಿ ನಾಲ್ಕೈದು ಫೈಲುಗಳ ಗೊಂಚಲು. ಅದರಲ್ಲಿ ಪಿಆರ್‌ಜೆ ಎಂಬ ಪುಟ್ಟ ಫೈಲಿನಲ್ಲಿ ನಾಲ್ಕು ಸಾಲು ಅಕ್ಷರ ಮಾತ್ರ ಇರುತ್ತದೆ, ಚೀಟಿ ಎಂದರೆ ಅದೇ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಇದು ಯಾಕೆ ಬೇಕು ಎಂದು ಬಿಟ್ಟುಬಿಡುತ್ತಾರೆ. ಪಡೆದವರು ಅಂದಾಜಿನ ಮೇಲೆ ಒಂದು ಪದ್ಧತಿ ಆರಿಸುತ್ತಾರೆ. ಆರಿಸುವುದು ಒಂದು ಸಂಕೇತ ಸಂಖ್ಯೆಯಿಂದ. ಯುರೋಪಿನ ತೈಲ ಕಂಪನಿಗಳ ಸರ್ವೆಯವರು ಸೇರಿ ಕಟ್ಟಿದ ಇಪಿಎಸ್‌ಜಿ ಪಟ್ಟಿ ಇಂದು ಜಗತ್ತಿಗೆಲ್ಲ ಆಧಾರ. ಜಿಪಿಎಸ್‌ನ ಅಕ್ಷಾಂಶ, ರೇಖಾಂಶಕ್ಕೆ 4326, ಯುಟಿಎಂ 43ಕ್ಕೆ 32643, 44ಕ್ಕೆ 32644, ವೆಬ್ ಮರ್ಕೇಟರ್‌ಗೆ 3857. ಈ ಕೊನೆಯದಕ್ಕೆ ಮೊದಲು ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಆಗ ತಂತ್ರಾಂಶ ಬರೆಯುವ ಹುಡುಗರು ತಾವೇ 900913 ಎಂದು ನಂಬರು ಕೊಟ್ಟುಕೊಂಡಿದ್ದರು. 9ನ್ನು ಇಂಗ್ಲಿಷಿನ ಜಿ ಎಂದೂ 1ನ್ನು ಎಲ್ ಎಂದೂ 3ನ್ನು ತಿರುಗಿಸಿಟ್ಟ ಇ ಎಂದೂ ಓದಿದರೆ ಅದು ಯಾರ ಹೆಸರೆಂದು ತಿಳಿಯುತ್ತದೆ. ಈಗಲೂ ಹಳೆಯ ಫೈಲುಗಳಲ್ಲಿ ಆ ಸಂಖ್ಯೆ ಎದುರಾಗುವುದುಂಟು.

ಇನ್ನೂರು ಮೀಟರ್

ನೈಜೀರಿಯಾದ ತಪ್ಪು ನಗೆಪಾಟಲಿನ ತಪ್ಪು, ಯಾರ ಕಣ್ಣಿಗೂ ಬೀಳುತ್ತದೆ. ಹೆದರಬೇಕಾದದ್ದು ಸಣ್ಣ ತಪ್ಪಿಗೆ. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಯ ಹಾಳೆಯನ್ನು, ಅಂದರೆ ಟೋಪೋಶೀಟನ್ನು, ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಹಾಸುತ್ತೀರಿ ಎನ್ನಿ. ಬೆಳ್ಳಂದೂರು ಇರುವುದು 57 ಎಚ್/9 ಎಂಬ ಹಾಳೆಯಲ್ಲಿ. ಅದರ ನಾಲ್ಕು ಮೂಲೆಗಳಲ್ಲಿ ಅಕ್ಷಾಂಶ, ರೇಖಾಂಶ ಅಚ್ಚಾಗಿವೆ: 12 ಡಿಗ್ರಿ 45 ನಿಮಿಷದಿಂದ 13 ಡಿಗ್ರಿ, 77 ಡಿಗ್ರಿ 30 ನಿಮಿಷದಿಂದ 77 ಡಿಗ್ರಿ 45 ನಿಮಿಷ. ಆ ನಾಲ್ಕು ಮೂಲೆಗಳನ್ನು ಜಿಪಿಎಸ್ ಪದ್ಧತಿಯ 4326ರಲ್ಲಿ ಕೂರಿಸಿದರೆ ಹಾಳೆ ಬೆಂಗಳೂರಿನ ಮೇಲೆಯೇ ಕೂರುತ್ತದೆ. ರಸ್ತೆ ರಸ್ತೆಯಂತೆ, ಕೆರೆ ಕೆರೆಯಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಎಲ್ಲವೂ ಸುಮಾರು ಇನ್ನೂರು ಮೀಟರ್ ಆಗ್ನೇಯಕ್ಕೆ ಸರಿದಿರುತ್ತದೆ. ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ, ಹಾಳೆಯುದ್ದಕ್ಕೂ.

ಬೆಂಗಳೂರಿನಲ್ಲಿ ಕೆರೆಯಂಚಿನಿಂದ 75 ಮೀಟರ್ ಜಾಗ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಮಾಸ್ಟರ್ ಪ್ಲಾನಿನ 30 ಮೀಟರಿಗೆ ಮರಳಿಸಿತು. ಆ 30, 75ರ ನಡುವೆ ಎಷ್ಟು ಕಟ್ಟಡಗಳ ಹಣೆಬರಹ ಇತ್ತು ಎಂದು ಯೋಚಿಸಿ. ಅಂಥ ಕಡೆ ಇನ್ನೂರು ಮೀಟರ್ ಜಾರಿದ ಹಾಳೆಯನ್ನು ಇಟ್ಟುಕೊಂಡು ಒತ್ತುವರಿ ಗುರುತಿಸಿದರೆ ಏನಾದೀತು? ಯಾರದೋ ಮನೆ ಕೆರೆಯೊಳಗೆ, ಯಾರದೋ ಒತ್ತುವರಿ ಒಣನೆಲದ ಮೇಲೆ.

ಈ ಇನ್ನೂರು ಮೀಟರಿಗೆ ಇನ್ನೂರು ವರ್ಷದ ಇತಿಹಾಸವಿದೆ, ಅದು ಶುರುವಾಗುವುದು ನಮ್ಮಲ್ಲೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಪರ್ಯಾಯ ದ್ವೀಪವನ್ನು ತ್ರಿಕೋನಗಳಲ್ಲಿ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಅಳತೆಯ ಆಧಾರರೇಖೆ ಎಳೆದ. ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆ ಅಧಿಕೃತವಾಗಿ ಆರಂಭವಾದದ್ದು 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ. ಆಮೇಲೆ ಸುಮಾರು 78 ಡಿಗ್ರಿ ರೇಖಾಂಶದ ಗುಂಟ ದಕ್ಷಿಣೋತ್ತರವಾಗಿ ತ್ರಿಕೋನಗಳ ಸರಪಳಿ ಸಾಗಿತು. ಅಕ್ಷಾಂಶಕ್ಕಾಗಿ ನಕ್ಷತ್ರ ನೋಡಿದ ಠಾಣೆಗಳಲ್ಲಿ ಒಂದು ಬೆಂಗಳೂರಿನ ದೊಡ್ಡಗುಂಟ, ಇನ್ನೊಂದು ಬೀದರಿನ ಬಳಿಯ ದಾಮರಗಿದ್ದ. ಕೋನ ಅಳೆಯುವ, ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಹೊತ್ತುಕೊಂಡು ಬೆಟ್ಟ ಹತ್ತಿದವರ ಹೆಸರುಗಳು ಮಾತ್ರ ಯಾವ ಹಾಳೆಯ ಅಂಚಿನಲ್ಲೂ ಇಲ್ಲ.

ಲ್ಯಾಂಬ್ಟನ್ ತೀರಿಕೊಂಡ ಮೇಲೆ ಕೆಲಸ ಜಾರ್ಜ್ ಎವರೆಸ್ಟ್‌ಗೆ ಬಂತು. ಭೂಮಿ ಧ್ರುವಗಳಲ್ಲಿ ಕೊಂಚ ಚಪ್ಪಟೆಯಾದ ಗೋಳ. ಅದರ ಗಾತ್ರ ಎಷ್ಟು, ಚಪ್ಪಟೆತನ ಎಷ್ಟು ಎಂದು ನಿಶ್ಚಯಿಸದೆ ನಕ್ಷೆ ಬರೆಯಲಾಗದು. ಎವರೆಸ್ಟ್ ಭಾರತದ ಅಳತೆಗಳಿಂದ 1830ರಲ್ಲಿ ಒಂದು ಗೋಳಾಕೃತಿ ಕೊಟ್ಟ, ಅದರ ಭೂಮಧ್ಯ ತ್ರಿಜ್ಯ 63,77,276 ಮೀಟರ್. ಇಂದು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84ರಲ್ಲಿ ಅದು 63,78,137 ಮೀಟರ್. ಎವರೆಸ್ಟ್‌ನದು 861 ಮೀಟರ್ ಕಡಿಮೆ. ಉಪಗ್ರಹಗಳಿಲ್ಲದ ಕಾಲದಲ್ಲಿ, ಒಂದೇ ದೇಶದ ನೆಲದ ಮೇಲೆ ನಿಂತು ಇಷ್ಟು ಹತ್ತಿರ ಬಂದದ್ದು ಬೆರಗಿನ ಸಂಗತಿಯೇ. ಆದರೆ ಗೋಳವನ್ನು ಮಧ್ಯಪ್ರದೇಶದ ಕಲಿಯಾನ್‌ಪುರದಲ್ಲಿ ನೆಲಕ್ಕೆ ಕಟ್ಟಿದ್ದರು, ಅದು ಭಾರತಕ್ಕೆ ಚೆನ್ನಾಗಿ ಹೊಂದಿದರೆ ಸಾಕಿತ್ತು. ಹಾಗೆ ಹೊಂದಿಸಿದ ಗೋಳದ ಕೇಂದ್ರ ಭೂಮಿಯ ನಿಜವಾದ ಕೇಂದ್ರದಿಂದ ಎಂಟುನೂರು ಮೀಟರಿಗೂ ಹೆಚ್ಚು ದೂರದಲ್ಲಿದೆ. ಜಿಪಿಎಸ್ ಉಪಗ್ರಹಗಳು ಸುತ್ತುವುದು ನಿಜವಾದ ಕೇಂದ್ರವನ್ನು. ಎರಡು ಕೇಂದ್ರದಿಂದ ಎಣಿಸಿದ ಒಂದೇ ಅಕ್ಷಾಂಶ, ರೇಖಾಂಶ ನೆಲದ ಮೇಲೆ ಎರಡು ಜಾಗ. ದೆಹಲಿಯಲ್ಲಿ ಅಂತರ ಬಹುಪಾಲು ಪೂರ್ವ ಪಶ್ಚಿಮದಲ್ಲಿ ಮಾತ್ರ, ನಮ್ಮಲ್ಲಿ ಎರಡೂ ದಿಕ್ಕಿನಲ್ಲಿ.

ಇನ್ನೂ ಹಳೆಯ ಹಾಳೆಗಳಾದರೆ ಅಂಚಿನ ಸಣ್ಣಕ್ಷರ ಓದಲೇಬೇಕು. ಮದರಾಸು ವೀಕ್ಷಣಾಲಯದ ರೇಖಾಂಶ ಇಷ್ಟು ಎಂದು ಹಿಡಿದು ಬರೆದದ್ದು ಎಂಬ ಟಿಪ್ಪಣಿ ಅಲ್ಲಿರುತ್ತದೆ. ಆ ಹಿಡಿದ ಅಂಕಿಯೇ ತಪ್ಪಾಗಿದ್ದ ಹಾಳೆಗಳಲ್ಲಿ ಜಾರುವಿಕೆ ಇನ್ನೂರು ಮೀಟರಲ್ಲ, ಕಿಲೋಮೀಟರ್‌ಗಳು.

ಹಳೆಯ ಟೋಪೋಶೀಟಿಗೆ ಮೊದಲು ಕಲಿಯಾನ್‌ಪುರ 1975, ಅಂದರೆ 4146 ಎಂದು ಚೀಟಿ ಹಚ್ಚಬೇಕು, ಆಮೇಲೆ 4326ಕ್ಕೆ ಪರಿವರ್ತಿಸಬೇಕು. ಆಗ ತಂತ್ರಾಂಶ ಒಂದು ಕಿಟಕಿ ತೆರೆದು ಯಾವ ಸೂತ್ರದಿಂದ ಪರಿವರ್ತಿಸಲಿ ಎಂದು ಕೇಳುತ್ತದೆ. ಬಹಳ ಜನ ಓದದೆ ಓಕೆ ಒತ್ತುತ್ತಾರೆ. ಆ ಪಟ್ಟಿಯಲ್ಲಿ ಪ್ರತಿ ಸೂತ್ರದ ಪಕ್ಕ ಅದರ ನಿಖರತೆ ಬರೆದಿರುತ್ತದೆ. ಭಾರತಕ್ಕೆ ಸಾಮಾನ್ಯವಾಗಿ ಸಿಗುವ ಮೂರು ಸಂಖ್ಯೆಗಳ ಸೂತ್ರ (295, 736, 257 ಮೀಟರ್) ಇನ್ನೂರನ್ನು ಇಪ್ಪತ್ತಕ್ಕೆ ಇಳಿಸುತ್ತದೆ, ಸೊನ್ನೆಗಲ್ಲ. ಉಳಿದ ಇಪ್ಪತ್ತಕ್ಕೆ ದೇವಸ್ಥಾನ, ರೈಲ್ವೆ ಸೇತುವೆ, ಕೆರೆಯ ಏರಿಯ ತುದಿಯಂಥ ಅಲುಗಾಡದ ಗುರುತುಗಳನ್ನು ಹಿಡಿದು ಹೊಂದಿಸಬೇಕು. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸರ್ವೆ ಆಫ್ ಇಂಡಿಯಾ ಸಾರ್ವಜನಿಕರಿಗಾಗಿ ಹೊರತಂದ ಓಪನ್ ಸೀರೀಸ್ ಹಾಳೆಗಳು ಡಬ್ಲ್ಯುಜಿಎಸ್ 84ರಲ್ಲೇ ಇವೆ, ಅವುಗಳಿಗೆ ಈ ತಾಪತ್ರಯವಿಲ್ಲ. ಆದರೆ 1970ರ ದಶಕದಲ್ಲಿ ಕೆರೆ ಎಲ್ಲಿತ್ತು ಎಂದು ಹೇಳುವುದು ಹಳೆಯ ಹಾಳೆಯೇ ತಾನೆ?

ಕೋಲಾರದ ಹೊಲಿಗೆ

ಲ್ಯಾಂಬ್ಟನ್ ಹಿಡಿದು ಹೊರಟ ಆ 78 ಡಿಗ್ರಿಯ ಗೆರೆಯೇ ಇಂದು ಯುಟಿಎಂ 43 ಮತ್ತು 44ನೇ ವಲಯಗಳ ನಡುವಿನ ಗಡಿ. ವಲಯಗಳನ್ನು ಗ್ರೀನಿಚ್‌ನಿಂದ ಆರಾರು ಡಿಗ್ರಿಗೆ ಕತ್ತರಿಸಿದಾಗ ಬಿದ್ದ ಕಾಕತಾಳೀಯ ಇದು. ಕರ್ನಾಟಕ ಬಹುಪಾಲು 43ರೊಳಗೆ ಬರುತ್ತದೆ, ಕೋಲಾರ ಜಿಲ್ಲೆಯಂತೂ ಎರಡು ಹೋಳು. ಮಾಲೂರು 43ರಲ್ಲಿ, ಕೋಲಾರ ಪಟ್ಟಣ, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು 44ರಲ್ಲಿ. ಮಾಲೂರಿನ ಪೂರ್ವ ಸಂಖ್ಯೆ ಎಂಟು ಲಕ್ಷ ದಾಟಿರುತ್ತದೆ. ಪೂರ್ವಕ್ಕೆ ನಡೆದಂತೆ ಹೆಚ್ಚಬೇಕಾದ ಸಂಖ್ಯೆ ಗೆರೆ ದಾಟಿದೊಡನೆ ದೊಪ್ಪನೆ ಬಿದ್ದು, ಕೆಜಿಎಫ್ ಹೊತ್ತಿಗೆ ಎರಡು ಲಕ್ಷ ಚಿಲ್ಲರೆ ಆಗಿರುತ್ತದೆ.

ಇದು ಬರೀ ಕುತೂಹಲದ ಮಾತಲ್ಲ. ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಬೆಂಗಳೂರಿನಿಂದ ಕೋಲಾರದ ಕೆರೆಗಳಿಗೆ ಹರಿಯುವುದು ಇದೇ ಗೆರೆಯನ್ನು ದಾಟಿ. ಆ ಕೆರೆಗಳನ್ನು ಉಪಗ್ರಹ ಚಿತ್ರದಲ್ಲಿ ಅಳೆಯಹೊರಟ ವಿದ್ಯಾರ್ಥಿಗೆ ಸೆಂಟಿನೆಲ್ ಚಿತ್ರಗಳು ವಲಯಕ್ಕೊಂದರಂತೆ ಬೇರೆ ಬೇರೆ ಹಾಳೆಗಳಾಗಿ ಸಿಗುತ್ತವೆ. ಪರದೆಯ ಮೇಲೆ ಹೊಂದಿಕೊಂಡಂತೆ ಕಾಣುತ್ತವೆ, ಏಕೆಂದರೆ ತಂತ್ರಾಂಶ ತೋರಿಸುವಾಗ ಎಲ್ಲವನ್ನೂ ತಾನೇ ತತ್ಕಾಲಕ್ಕೆ ಪರಿವರ್ತಿಸಿಕೊಳ್ಳುತ್ತದೆ. ತೋರಿಸುವುದಕ್ಕಷ್ಟೇ ಆ ಉಪಕಾರ. ಒಂದರಿಂದ ಇನ್ನೊಂದನ್ನು ಕಳೆಯಲು, ಜೋಡಿಸಲು, ಕತ್ತರಿಸಲು ಹೋದಾಗ ಕೆಲವು ಉಪಕರಣಗಳು ಒಳಗಿನ ಕಚ್ಚಾ ಸಂಖ್ಯೆಗಳನ್ನೇ ತೆಗೆದುಕೊಳ್ಳುತ್ತವೆ, ಫಲಿತಾಂಶ ಖಾಲಿ ಬರುತ್ತದೆ. ಜಿಲ್ಲೆಗೆ ಒಂದು ವಲಯ ನಿಶ್ಚಯಿಸಿ ಎಲ್ಲವನ್ನೂ ಅದಕ್ಕೆ ಪರಿವರ್ತಿಸಿಟ್ಟುಕೊಳ್ಳುವುದು ಮೇಲು. ಇಡೀ ರಾಜ್ಯದ ನಕ್ಷೆಯಾದರೆ ಯುಟಿಎಂ ಬಿಟ್ಟು ಲ್ಯಾಂಬರ್ಟ್ ಶಂಕು ಪದ್ಧತಿ ಹಿಡಿಯಬಹುದು. ಕರ್ನಾಟಕಕ್ಕೇ ಹೊಂದಿಸಿದ ಅಂಥದೊಂದು ಇಪಿಎಸ್‌ಜಿ ಪಟ್ಟಿಯಲ್ಲೇ ಇದೆ, ಬಳಸುವವರು ಕಡಿಮೆ.

ವಿಸ್ತೀರ್ಣದ ಮಾತು ಬಂದರೆ ವೆಬ್ ಮರ್ಕೇಟರ್ ಕಡೆ ತಿರುಗಿ ನೋಡಬಾರದು. ಆ ಪದ್ಧತಿ ಭೂಮಧ್ಯರೇಖೆಯಿಂದ ದೂರ ಹೋದಂತೆ ನೆಲವನ್ನು ಹಿಗ್ಗಿಸುತ್ತದೆ. ಗ್ರೀನ್‌ಲ್ಯಾಂಡ್ ದೈತ್ಯನಂತೆ ಕಾಣುವುದು ಎಲ್ಲರಿಗೂ ಗೊತ್ತು, ನಮ್ಮ ಹೊಲವೂ ಹಿಗ್ಗುತ್ತದೆ ಎಂಬುದು ಹೊಳೆಯುವುದಿಲ್ಲ. ಬೆಂಗಳೂರಿನಲ್ಲಿ 40 ಗುಂಟೆಯ ಎಕರೆ 42 ಗುಂಟೆ ತೋರಿಸುತ್ತದೆ, ಬೀದರಿನಲ್ಲಿ 44 ಗುಂಟೆ ದಾಟುತ್ತದೆ. ನಾಲ್ಕು ಗುಂಟೆ ಪುಕ್ಕಟೆ! ಕ್ಯೂಜಿಐಎಸ್‌ನ ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ಡಾಲರ್ ಚಿಹ್ನೆ ಇರುವ ಏರಿಯಾ ಸೂತ್ರ ಭೂಮಿಯ ದುಂಡುತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದೇ ಹೆಸರಿನ, ಡಾಲರ್ ಇಲ್ಲದ ಸೂತ್ರ ಚಪ್ಪಟೆ ಹಾಳೆಯ ಲೆಕ್ಕ ಕೊಡುತ್ತದೆ. ಒಂದು ಚಿಹ್ನೆಗೆ ನಾಲ್ಕು ಗುಂಟೆ.

ಪದ್ಧತಿಯೇ ಇಲ್ಲದ ನಕ್ಷೆ

ಇಲ್ಲಿಯವರೆಗಿನ ನಕ್ಷೆಗಳಿಗೆಲ್ಲ ತಪ್ಪೋ ಸರಿಯೋ ಒಂದು ಪದ್ಧತಿ ಇತ್ತು. ಗ್ರಾಮ ನಕ್ಷೆಗೆ ಅದೂ ಇಲ್ಲ. ಮೈಲಿಗೆ ಎಂಟು ಇಂಚಿನಂತೆ, ಅಂದರೆ 1:7920 ಪ್ರಮಾಣದಲ್ಲಿ ಬರೆದ ಆ ಹಾಳೆಯಲ್ಲಿ ಸರ್ವೆ ನಂಬರುಗಳಿವೆ, ಹಳ್ಳ, ಗಾಡಿದಾರಿ, ಗಡಿಕಲ್ಲುಗಳಿವೆ. ಅಕ್ಷಾಂಶ, ರೇಖಾಂಶ ಇಲ್ಲ. ಅಳತೆ ಮಾಡಿದ್ದು ಸರಪಳಿ ಹಿಡಿದು. 33 ಅಡಿಯ ಸರಪಳಿಗೆ 16 ಆಣೆ, ಸರಪಳಿ ಉದ್ದ, ಸರಪಳಿ ಅಗಲದ ಚೌಕಕ್ಕೆ ಒಂದು ಗುಂಟೆ. ಆ ಹಾಳೆಯ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಮಸಿಗೆರೆ ನೆಲದ ಮೇಲೆ ನಾಲ್ಕು ಮೀಟರ್. ಒಂದು ಗಾಡಿದಾರಿ ಪೂರ್ತಿ ಗೆರೆಯೊಳಗೆ ಮುಳುಗಿಹೋಗುತ್ತದೆ. ಮೇಲೆ ಕಾಗದದ ಹಿಗ್ಗು ಕುಗ್ಗು, ಮಡಿಕೆ, ಗೆದ್ದಲು.

ಇದನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಲು ಎರಡರಲ್ಲೂ ಕಾಣುವ ಬಿಂದುಗಳನ್ನು ಜೋಡಿ ಮಾಡಬೇಕು. ಮೂರು ಊರುಗಳ ಗಡಿ ಕೂಡುವ ಕಲ್ಲುಗಳು ಎಲ್ಲಕ್ಕಿಂತ ನಂಬಿಕಸ್ತ, ಉಳಿದಿದ್ದರೆ. ಬಿಂದುಗಳು ಕೂಡಿದ ಮೇಲೆ ತಂತ್ರಾಂಶ ಸರಾಸರಿ ದೋಷ ಎಷ್ಟು ಎಂದು ಒಂದು ಅಂಕಿ ತೋರಿಸುತ್ತದೆ. ಹೊಸಬರು ಅದನ್ನು ಸೊನ್ನೆ ಮಾಡಲು ಹೊರಡುತ್ತಾರೆ, ಅದು ಕಷ್ಟವೂ ಅಲ್ಲ. ಮೊದಲ ದರ್ಜೆಯ ಸೂತ್ರ ಬಿಟ್ಟು ಮೂರನೇ ದರ್ಜೆಯದನ್ನು ಆರಿಸಿ, ಅದಕ್ಕೆ ಬೇಕಾದ ಕನಿಷ್ಠ ಹತ್ತು ಬಿಂದುಗಳನ್ನಷ್ಟೇ ಕೊಟ್ಟರೆ ದೋಷ ತಾನಾಗಿ ಸೊನ್ನೆ. ಬಿಂದುಗಳ ಮೇಲೆ ಹಾಳೆ ಮೊಳೆ ಹೊಡೆದಂತೆ ಕೂತಿರುತ್ತದೆ, ನಡುವೆ ಹೊಲದ ಗಡಿಗಳು ಹಾವಿನಂತೆ ತಿರುಚಿಕೊಂಡಿರುತ್ತವೆ. ಮೊದಲ ದರ್ಜೆಯಲ್ಲಿ ಐದಾರು ಮೀಟರ್ ದೋಷ ಒಪ್ಪಿಕೊಂಡ ಹಾಳೆಯೇ ಇದಕ್ಕಿಂತ ಪ್ರಾಮಾಣಿಕ. ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ಹೊಲದಲ್ಲಿ ನಿಂತಾಗ ಫೋನು ನಮ್ಮ ನೀಲಿ ಚುಕ್ಕೆಯನ್ನು ಪಕ್ಕದವರ ಸರ್ವೆ ನಂಬರಿನಲ್ಲಿ ತೋರಿಸಿ ಅಣ್ಣತಮ್ಮಂದಿರ ನಡುವೆ ಮಾತು ಬೆಳೆದರೆ, ಹೀಗೆ ಉಳಿದ ಮೀಟರ್‌ಗಳೂ ಫೋನಿನ ಜಿಪಿಎಸ್‌ನ ತಪ್ಪೂ ಅದರಲ್ಲಿ ಕೂಡಿರುತ್ತವೆ. ಗಡಿ ಗಟ್ಟಿಯಾಗಬೇಕಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯರನ್ನೇ ಕರೆಸಬೇಕು.

ಡ್ರೋನ್ ಸರ್ವೆ ಬಂದ ಮೇಲೆ ನಿಖರತೆ ಸೆಂಟಿಮೀಟರಿಗೆ ಇಳಿದಿದೆ. ಇಳಿದಂತೆ ಇನ್ನೊಂದು ಸಂಗತಿ ಮೇಲೆದ್ದಿದೆ, ನೆಲವೇ ನಿಂತಿಲ್ಲ. ಭಾರತದ ಭೂಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ಲ್ಯಾಂಬ್ಟನ್ ಸರಪಳಿ ಹಾಸಿದ ಜಾಗ ಈಗಾಗಲೇ ಹತ್ತು ಮೀಟರಿಗೂ ಹೆಚ್ಚು ಸರಿದಿದೆ. ಆಸ್ಟ್ರೇಲಿಯಾದ ನೆಲ ಇನ್ನೂ ಚುರುಕು, ವರ್ಷಕ್ಕೆ ಏಳು ಸೆಂಟಿಮೀಟರ್. ಅವರು 1994ರ ಪದ್ಧತಿ ಕೈಬಿಟ್ಟು 2020ರದನ್ನು ತಂದಾಗ ದೇಶದ ನಕ್ಷೆಯೆಲ್ಲ ಒಂದೇ ಏಟಿಗೆ 1.8 ಮೀಟರ್ ಸರಿಯಿತು. ನಮ್ಮಲ್ಲಿ ಹತ್ತು ವರ್ಷ ಅಂತರದ ಎರಡು ಡ್ರೋನ್ ನಕ್ಷೆಗಳನ್ನು ಒಂದರ ಮೇಲೊಂದು ಹಾಸಿದರೆ ಕಾಂಪೌಂಡ್ ಗೋಡೆ ಅರ್ಧ ಮೀಟರ್ ಜರುಗಿದಂತೆ ಕಾಣಬಹುದು, ಗೋಡೆಯನ್ನು ಯಾರೂ ಮುಟ್ಟಿರದಿದ್ದರೂ. ಹಾಗಾಗಿ ಡ್ರೋನಿನವರಿಂದ ಫೈಲು ಪಡೆಯುವಾಗ ಇಪಿಎಸ್‌ಜಿ ಸಂಖ್ಯೆಯ ಜೊತೆಗೆ ಇನ್ನೊಂದನ್ನೂ ಬರೆಸಿಕೊಳ್ಳಿ: ಆ ಅಂಕಿಗಳು ಯಾವ ವರ್ಷದ ನೆಲಕ್ಕೆ ಸೇರಿದವು ಎಂದು.